ರೇಡಿಯೋ ಪಾರ್ಟಿಯ ಬುರಾನುದ್ದೀನ

ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು, ಒಂದು ಹೊಲಿಗೆಯಂಗಡಿಗೂ ಒಂದು ಬೀಜದಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಬುರಾನುದ್ದೀನನ ರೇಡಿಯೋ ರಿಪೇರಿ ಅಂಗಡಿ ಇತ್ತು. ನಡುವೆ ನಿಂತು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುತ್ತಿದ್ದವು. ಅವನ ಅಪ್ಪ ಉಸ್ಮಾನಸಾಬ ಅದೇ ಜಾಗದಲ್ಲಿ ಮೂವತ್ತು ವರ್ಷ ಕೂತು ಸ್ಟೋವು, ಗಡಿಯಾರ, ಪೆಟ್ರೋಮ್ಯಾಕ್ಸ್ ದೀಪ ರಿಪೇರಿ ಮಾಡಿದವನು. ಊರಿಗೆ ಕರೆಂಟು ಬಂದು ದೀಪದ ಕೆಲಸ ಇಳಿಮುಖವಾದಾಗ ಮಗನನ್ನು ಗುಲಬರ್ಗಾದ ಒಬ್ಬ ಉಸ್ತಾದನ ಕೈಕೆಳಗೆ ಎರಡು ವರ್ಷ ಬಿಟ್ಟು ರೇಡಿಯೋ ಕೆಲಸ ಕಲಿಸಿದ. ಮಗ ಊರಿಗೆ ಮರಳಿದ ವರ್ಷವೇ ಅಪ್ಪ ತೀರಿಕೊಂಡ.

ಬುರಾನುದ್ದೀನ ಒಳ್ಳೆಯ ಕೆಲಸಗಾರ. ಕೆಟ್ಟ ರೇಡಿಯೋಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದನೆಂದರೆ ರೋಗ ಎಲ್ಲಿದೆಯೆಂದು ಮುಚ್ಚಳ ಬಿಚ್ಚುವ ಮೊದಲೇ ಹೇಳುತ್ತಿದ್ದ. ಆದರೆ ಅವನಿಗೊಂದು ಖೋಡಿ ಇತ್ತು. ಮನಸ್ಸಿಗೆ ಹಿಡಿಸಿದ ಕೆಲಸವನ್ನು ಉಣ್ಣದೆ ಕೂತು ಮುಗಿಸುವನು. ಹಿಡಿಸದ ಕೆಲಸ ಕಪಾಟಿನ ಕೆಳಗೆ ತಿಂಗಳುಗಟ್ಟಲೆ ಧೂಳು ತಿನ್ನುತ್ತಿತ್ತು. ಕೇಳಲು ಬಂದವರಿಗೆ ನಗುನಗುತ್ತ "ನಾಳಿ ನೋಡೂಣ್ರಿ" ಅನ್ನುವನು. ಆ ನಗೆಯ ಮೇಲೆ ಯಾರೂ ಸಿಟ್ಟಾಗುತ್ತಿರಲಿಲ್ಲ.

1982ರಲ್ಲಿ ವಾಡಿಯಿಂದ ವರ್ಗವಾಗಿ ಹೊರಟಿದ್ದ ರೈಲ್ವೆ ಗಾರ್ಡ್ ಒಬ್ಬರು ಕುತ್ತಿಗೆ ಸೀಳಿದ್ದ ಒಂದು ಗಿಟಾರನ್ನು ಅವನಿಗೆ ಕೊಟ್ಟು ಹೋದರು. ಅದು ಮನಸ್ಸಿಗೆ ಹಿಡಿಸಿದ ಕೆಲಸ. ಬಡಗಿಯ ಕಡೆಯಿಂದ ಸೀಳಿಗೆ ಮೊಳೆ ಹೊಡೆಸಿ ಅಂಟು ಹಾಕಿಸಿದ. ಒಂದು ಹಳೆಯ ಟೆಲಿಫೋನಿನ ಕಿವಿಯಿಂದ ಅಯಸ್ಕಾಂತವನ್ನೂ ತಂತಿಯ ಸುರುಳಿಯನ್ನೂ ಕಿತ್ತು, ಗಿಟಾರಿನ ತಂತಿಗಳ ಕೆಳಗೆ ಕೂರಿಸಿ, ಅದರ ವೈರನ್ನು ಮೇಜಿನ ಮೇಲಿನ ರೇಡಿಯೋಕ್ಕೆ ಜೋಡಿಸಿದ. ಬೆರಳಿನಿಂದ ಒಂದು ತಂತಿ ಮೀಟಿದಾಗ ಬಂದ ದನಿಗೆ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ತಿರುಗಿ ನೋಡಿದವರಲ್ಲಿ ಎದ್ದು ಬಂದವನು ವ್ಯಂಕಟೇಶ. ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು, ಬಂದವರಿಗೆ ಅರ್ಜಿ ಬರೆದುಕೊಡುವುದು ಅವನ ಕೆಲಸ. ತಂದೆ ಇಲ್ಲ. ತಾಯಿ ಭಾಗೀರಥಿಬಾಯಿಯೂ ಆಕೆಯ ವಿಧವೆ ತಂಗಿ ಸರಸ್ವತಿಬಾಯಿಯೂ ಗುಡಿಯ ಹಿಂದಿನ ಮನೆಯಲ್ಲಿ ಮಾಸ್ತರರಿಗೂ ಬ್ಯಾಂಕಿನವರಿಗೂ ಖಾನಾವಳಿ ನಡೆಸುತ್ತಿದ್ದರು. ದಿನವಿಡೀ ಮಂದಿಯ ಗೋಳು ಕೇಳಿ ಅರ್ಜಿಯ ಭಾಷೆಗೆ ತಿರುಗಿಸುವ ವ್ಯಂಕಟೇಶ, ಅರ್ಜಿಗೆ ಹಿಡಿಸದೆ ಉಳಿದದ್ದನ್ನು ಹಾಡು ಮಾಡುತ್ತಿದ್ದ. ಇದುವರೆಗೆ ಅದನ್ನು ಯಾರಿಗೂ ಹಾಡಿ ತೋರಿಸಿರಲಿಲ್ಲ. ಅವತ್ತು ಅಂಗಡಿಯ ಹೊಸ್ತಿಲಲ್ಲಿ ನಿಂತೇ ಹಾಡಿದ:

ಸಾಹೇಬ್ರು ಊಟಕ್ಕ ಹೋಗ್ಯಾರ, ಕುರ್ಚಿ ಐತಿ ಕೂತು
ನಾಳಿ ಬಾ ಅಂತಾರ ದಿನಾ, ನಾಳಿಗೇನ ಗೊತ್ತು

ಬುರಾನುದ್ದೀನ ಎರಡನೆಯ ಸಾಲಿಗೆ ತಂತಿ ಹಿಡಿದ. ಮೂರನೆಯ ಸಲಕ್ಕೆ ಇಬ್ಬರೂ ಕೂಡಿಬಿಟ್ಟರು.

ಮೂರನೆಯವನು ಅತನೂರಿನ ದೌಲತರಾಯ. ಮೊಹರಮ್ಮಿನಲ್ಲಿ ಅಲಾಯಿಯ ಬೆಂಕಿ ಕುಣಿಯ ಮುಂದೆ ಅವನು ಹಲಗೆ ಬಾರಿಸಿದನೆಂದರೆ ಹೆಜ್ಜೆ ಹಾಕುವವರು ದಣಿಯುತ್ತಿದ್ದರೇ ಹೊರತು ಅವನ ಕೈ ದಣಿಯುತ್ತಿರಲಿಲ್ಲ. ಎಣ್ಣೆಯ ಬ್ಯಾರಲ್ ಕೊಯ್ಸಿ ಚರ್ಮ ಬಿಗಿಸಿ, ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮನ್ನು ತಾನೇ ಮಾಡಿಕೊಂಡ. ಮಾತು ಕಡಿಮೆಯ ಮನುಷ್ಯ. ವಾರಕ್ಕೆ ಮೂರು ದಿನ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವನು. ಅಂಗಡಿಯಲ್ಲಿ ಮೂವರಿಗೆ ಜಾಗ ಸಾಲದೆ ಡ್ರಮ್ಮು ರಸ್ತೆಯ ಮೇಲೇ ಇರುತ್ತಿತ್ತು. ಭಾಗೀರಥಿಬಾಯಿ ಮಗನ ಈ ಹುಚ್ಚಿಗೆ ಮುಖ ಗಂಟಿಕ್ಕುತ್ತಿದ್ದರೂ ಚಪಾತಿ, ಶೇಂಗಾದ ಹಿಂಡಿ ಮೂರು ಮಂದಿಗಾಗುವಷ್ಟು ಕಟ್ಟಿ ಕಳಿಸುವಳು. ಮಂದಿ ಅವರನ್ನು 'ರೇಡಿಯೋ ಪಾರ್ಟಿ' ಎಂದು ಕರೆದರು. ಇಟ್ಟುಕೊಳ್ಳೋಣವೆಂದು ಯೋಚಿಸಿದ್ದ ಚಂದದ ಹೆಸರುಗಳೆಲ್ಲ ಬಿದ್ದುಹೋಗಿ ಅದೇ ನಿಂತಿತು.

ಮೊದಲ ಸಲ ಅವರು ಮಂದಿಯ ಮುಂದೆ ಹಾಡಿದ್ದು ಗೊಬ್ಬೂರಿನಲ್ಲಿ, ಸಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ. ಸಿನಿಮಾ ಹಾಡು ಹಾಡುತ್ತಾರೆಂದುಕೊಂಡು ಕೂತಿದ್ದವರಿಗೆ ಕಚೇರಿಯ ಕುರ್ಚಿ, ನಿಲ್ಲದೆ ಹೋಗುವ ಬಸ್ಸು, ಸೀಮೆಎಣ್ಣೆಯ ಸಾಲು ಇವೇ ಹಾಡಾಗಿ ಬಂದದ್ದು ಕೇಳಿ ಮೊದಲು ನಗೆ ಬಂತು. ಆಮೇಲೆ ಸುಮ್ಮನಾದರು. ಕೊನೆಗೆ 'ನಾಳಿ' ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಮುಂದಿನ ಎರಡು ವರ್ಷ ಹತ್ತಾರು ಹಳ್ಳಿಗಳಿಂದ ಕರೆ ಬಂತು. ಗುಲಬರ್ಗಾದ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದ ಅನಂತ ಮಾಸ್ತರರು ಒಂದು ಭಾನುವಾರ ಅಂಗಡಿಗೆ ಬಂದು, ಟೇಪಿನಲ್ಲಿ ನಾಲ್ಕು ಹಾಡು ತುಂಬಿಕೊಂಡು, ಮೂವರನ್ನೂ ಡ್ರಮ್ಮಿನ ಹಿಂದೆ ನಿಲ್ಲಿಸಿ ಫೋಟೋ ತೆಗೆದರು. 1986ರ ಯುಗಾದಿಯ ಸಂಚಿಕೆಯಲ್ಲಿ ಅರ್ಧ ಪುಟದ ಪರಿಚಯ ಬಂತು. 'ನಮ್ಮ ಮಾತಿನಲ್ಲೇ ನಮ್ಮ ಹಾಡು: ಅಫಜಲಪುರದಿಂದ ಬೆಳೆದು ಬರುತ್ತಿರುವ ಮೂವರು' ಎಂಬುದು ತಲೆಬರಹ. ಭಾಗೀರಥಿಬಾಯಿ ಅದನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಳೆಂದು ಸರಸ್ವತಿಬಾಯಿ ಹೇಳಿದಾಗ ವ್ಯಂಕಟೇಶ ನಂಬಲಿಲ್ಲ.

ಆ ಬರಹ ಓದಿಯೇ ಜೇವರ್ಗಿಯ ಹತ್ತಿ ವ್ಯಾಪಾರಿಯೊಬ್ಬರು ಮಗಳ ಮದುವೆಗೆ ಅವರನ್ನು ಕರೆಸಿದರು. ಮೇ ತಿಂಗಳು. ಹೊಸದಾಗಿ ಕಟ್ಟಿದ ಮಂಗಲ ಕಾರ್ಯಾಲಯ. ಅಷ್ಟು ದೊಡ್ಡ ಜಾಗದಲ್ಲಿ ಅವರು ಎಂದೂ ಹಾಡಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅವರ ದನಿಯನ್ನು ದೊಡ್ಡದು ಮಾಡುತ್ತಿದ್ದ ಆಂಪ್ಲಿಫೈಯರ್ ಬುರಾನುದ್ದೀನನೇ ಕಟ್ಟಿದ್ದು, ಒಂದು ಹಳೆಯ ದೊಡ್ಡ ರೇಡಿಯೋದ ಒಳಭಾಗದಿಂದ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಗೋಡೆಯ ಕರೆಂಟು ಪೆಟ್ಟಿಗೆಯ ತಗಡಿಗೆ ಮುಟ್ಟುತ್ತಿರಲಿಲ್ಲ. ಅದಿರಲಿಲ್ಲ. ಹೀಗಾಗಿ ಎರಡು ಪಿನ್ನಿನ ಪ್ಲಗ್ಗನ್ನು ಒಂದು ಕಡೆಯಿಂದ ಚುಚ್ಚಿದರೆ ಪೆಟ್ಟಿಗೆ ಸುಮ್ಮನಿರುತ್ತಿತ್ತು. ತಿರುಗಿಸಿ ಚುಚ್ಚಿದರೆ ತಗಡಿಗೂ, ತಗಡಿಗೆ ಸೇರಿದ ಮೈಕಿನ ಲೋಹದ ಮೈಗೂ ಪೂರಾ ಕರೆಂಟು ಬರುತ್ತಿತ್ತು. ಬುರಾನುದ್ದೀನನಿಗೆ ಇದು ಗೊತ್ತಿತ್ತು. ಅದಕ್ಕೇ ಪ್ಲಗ್ಗಿನ ಒಂದು ಮಗ್ಗುಲಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದ. ಚುಕ್ಕೆ ಮೇಲೆ ಬರುವಂತೆ ಚುಚ್ಚಬೇಕು, ಹೊಸ ಜಾಗವಾದರೆ ಮೊದಲು ಟೆಸ್ಟರ್ ಹಚ್ಚಿ ನೋಡಬೇಕು. ಒಂದು ಕ್ಷಣದ ಕೆಲಸ. ಪ್ರತಿ ಊರಿನಲ್ಲೂ ಅವನು ಅದನ್ನು ತಪ್ಪದೆ ಮಾಡಿದ್ದ.

ಆದರೂ ಮೈಕು ಆಗಾಗ ಸಣ್ಣಗೆ ಚುರುಗುಟ್ಟುತ್ತಿತ್ತು. ಜೇವರ್ಗಿಗೆ ಹೋಗುವ ಎಂಟು ದಿನ ಮೊದಲು ವ್ಯಂಕಟೇಶ ತುಟಿ ಒರೆಸಿಕೊಂಡು ಹೇಳಿದ್ದ:

"ಬುರಾನ್ಯಾ, ನಿನ್ನ ಮೈಕು ತುಟಿಗೆ ಇರಿವಿ ಕಡದಂಗ ಕಡೀತದಲೇ."

"ಟ್ರಾನ್ಸ್‌ಫಾರ್ಮರ್ ಹಾಕಬೇಕಾಗ್ಯದ. ಸೊಲ್ಲಾಪುರಕ್ಕ ಹೋದಾಗ ತರ್ತೇನಿ."

"ಯಾವಾಗ ಹೋಗ್ತಿ?"

"ಮದವಿ ಮುಗೀಲಿ. ನಾಳಿ ನೋಡೂಣು."

ವ್ಯಂಕಟೇಶ ನಕ್ಕು, ಆ ಮಾತಿಗೇ ರಾಗ ಹಚ್ಚಿ ತನ್ನ ಹಾಡನ್ನೇ ಅವನ ಮುಖಕ್ಕೆ ಹಾಡಿದ. ದೌಲತರಾಯನೂ ನಕ್ಕ.

ಮದುವೆಯ ದಿನ ಅಕ್ಷತೆ ಹನ್ನೆರಡಕ್ಕೆ ಬಿತ್ತು. ಊಟದ ಪಂಗತಿ ಕೂರುವ ಹೊತ್ತಿಗೆ ಹಾಡು ಸುರುವಾಗಬೇಕು. ಆಳುಗಳು ವೇದಿಕೆಗೆ ನೀರು ಹೊಡೆದು ಅಕ್ಕಿ, ಹೂವು ಎಲ್ಲ ತೊಳೆದುಬಿಟ್ಟಿದ್ದರು. ಹೊಸ ಸಿಮೆಂಟಿನ ನೆಲ ಇನ್ನೂ ಒದ್ದೆಯಿತ್ತು. ಬುರಾನುದ್ದೀನ ಪೆಟ್ಟಿಗೆ ಇಟ್ಟು ವೈರು ಬಿಚ್ಚುತ್ತಿರುವಾಗಲೇ ಕರೆಂಟು ಹೋಯಿತು. ಕಿಸೆಯಿಂದ ತೆಗೆದ ಟೆಸ್ಟರನ್ನು ಅವನು ಮತ್ತೆ ಕಿಸೆಗೆ ಇಳಿಸಿದ. ಕರೆಂಟೇ ಇಲ್ಲದಾಗ ಟೆಸ್ಟರ್ ಏನು ಹೇಳೀತು? ಬಂದ ಮೇಲೆ ನೋಡಿದರಾಯಿತೆಂದುಕೊಂಡು, ಕೆಂಪು ಚುಕ್ಕೆ ಮೇಲೆ ಮಾಡಿ ಪ್ಲಗ್ಗು ಚುಚ್ಚಿ, ಗಿಟಾರಿನ ತಂತಿ ಬಿಗಿಯಲು ಕೂತ.

ಮುಕ್ಕಾಲು ಗಂಟೆಯಾಯಿತು. ಉಣ್ಣಲು ಕೂತವರು ಎಲೆಯ ಮುಂದೆ ಬೀಸಣಿಗೆ ಬೀಸುತ್ತಿದ್ದರು. ವ್ಯಾಪಾರಿ ಎರಡು ಸಲ ಬಂದು ಹೋದರು. ಮೂರನೆಯ ಸಲ ಅವರು ಬಂದು ನಿಂತಾಗಲೇ ಪಂಖೆಗಳು ತಿರುಗತೊಡಗಿದವು.

"ಬಂತ್ನೋಡ್ರಿ ಕರೆಂಟು. ಲಗೂ ಹಚ್ರಿ, ಮತ್ತ ಹೋದೀತು," ಎಂದರು.

ವ್ಯಂಕಟೇಶ ಹಾಡಲು ನಿಂತಾಗ ಚಪ್ಪಲಿ ಬಿಡುವ ರೂಢಿ ಇಟ್ಟುಕೊಂಡಿದ್ದ. ಅವತ್ತೂ ಬಿಟ್ಟು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಡೆದು ಹೋಗಿ ಮೈಕಿಗೆ ಕೈ ಹಾಕಿದ. ಬುರಾನುದ್ದೀನನ ಬಲಗೈ ಕಿಸೆಯ ಹತ್ತಿರ ಇತ್ತು.

ಏನೂ ಸದ್ದಾಗಲಿಲ್ಲ. ವ್ಯಂಕಟೇಶನ ಮೈ ಸೆಟೆದು, ಕತ್ತು ಹಿಂದಕ್ಕೆ ಬಾಗಿತು. ಮುಂದಿನ ಸಾಲಿನಲ್ಲಿ ಯಾರೋ ಅದು ಹಾಡಿನ ವರಸೆ ಎಂದುಕೊಂಡು ಚಪ್ಪಾಳೆ ಹೊಡೆದರು. ಬುರಾನುದ್ದೀನ ಓಡಿಹೋಗಿ ಪ್ಲಗ್ಗು ಕಿತ್ತಾಗ ವ್ಯಂಕಟೇಶ ಮೈಕಿನ ಸಮೇತ ಮುಂದಕ್ಕೆ ಬಿದ್ದ. ದೌಲತರಾಯ ಡ್ರಮ್ಮು ದಾಟಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕೈ ಕಾಲು ತಿಕ್ಕಿದರು, ಎದೆ ಒತ್ತಿದರು. ಜೀಪಿನಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರು ನಾಡಿ ನೋಡಿ ಕೈ ಕೆಳಗಿಟ್ಟರು. ವ್ಯಂಕಟೇಶನಿಗೆ ಇಪ್ಪತ್ತಾರು ವರ್ಷವಾಗಿತ್ತು.

ಸಂಜೆಯೊಳಗೆ ಕಾರಣ ಹೊರಬಿತ್ತು. ಕಾರ್ಯಾಲಯದ ವೇದಿಕೆಯ ಪ್ಲಗ್ ಪಾಯಿಂಟಿನಲ್ಲಿ ಎರಡು ತಂತಿ ಅದಲುಬದಲಾಗಿ ಕೂತಿದ್ದವು. ಬೇರೆ ಕಡೆ ಸರಿಯಾಗಿದ್ದ ಕೆಂಪು ಚುಕ್ಕೆ ಅಲ್ಲಿ ತಪ್ಪಾಗಿತ್ತು. ಪರೀಕ್ಷಿಸಲು ಬಂದವರು ಅಷ್ಟನ್ನೇ ಬರೆದುಕೊಂಡರು, ಪೆಟ್ಟಿಗೆ ಬಿಚ್ಚಿ ನೋಡಲಿಲ್ಲ. ವೈರಿಂಗ್ ಮಾಡಿದ ವಾಯರ್‌ಮನ್ ಶರಫುದ್ದೀನ ಎಂಬುವನನ್ನು ಸ್ಟೇಷನ್ನಿಗೆ ಕರೆತಂದು ಕೂರಿಸಿದ್ದರು. ತೆಳ್ಳಗಿನ ಮನುಷ್ಯ, ಗೋಡೆಗೆ ಬೆನ್ನು ಹಚ್ಚಿ ಕೂತು ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಪಂಚನಾಮೆ ಬರೆಯುತ್ತಿದ್ದ ಹವಾಲ್ದಾರರು ತಲೆ ಎತ್ತದೆ ಬುರಾನುದ್ದೀನನನ್ನು ಕೇಳಿದರು:

"ನಿನ್ನ ಪೆಟಗಿ ಸರಿ ಇತ್ತೇನು?"

ಪೆಟ್ಟಿಗೆ ಸರಿಯಿದ್ದಿದ್ದರೆ ತಂತಿ ಅದಲುಬದಲಾದರೂ ವ್ಯಂಕಟೇಶ ಸಾಯುತ್ತಿರಲಿಲ್ಲ. ಅದು ಆ ಕೋಣೆಯಲ್ಲಿದ್ದವರಲ್ಲಿ ಬುರಾನುದ್ದೀನನೊಬ್ಬನಿಗೇ ಗೊತ್ತು. ದೌಲತರಾಯನಿಗೆ ಅರೆಬರೆ ಗೊತ್ತಿದ್ದೀತು.

"ಸರಿ ಇತ್ರಿ," ಎಂದ.

ದೌಲತರಾಯ ನೆಲ ನೋಡಿದ. ಹವಾಲ್ದಾರರು ಬರೆದುಕೊಂಡರು.

ಹೆಣವನ್ನು ಅಫಜಲಪುರಕ್ಕೆ ತಂದಾಗ ಭಾಗೀರಥಿಬಾಯಿ ಅಳಲಿಲ್ಲ. ಮಗನ ಪಾದದ ಹತ್ತಿರ ಕೂತು ಬಹಳ ಹೊತ್ತಿನ ಮೇಲೆ, "ಅವನ ಚಪ್ಪಲಿ ಎಲ್ಲಿ?" ಎಂದು ಕೇಳಿದಳು. ಚಪ್ಪಲಿ ಜೇವರ್ಗಿಯ ವೇದಿಕೆಯ ಪಕ್ಕದಲ್ಲೇ ಉಳಿದಿದ್ದವು. ಆಕೆ ಮತ್ತೆ ಕೇಳಲಿಲ್ಲ.

ಊರವರೆಲ್ಲ ಹಣೆಬರಹವೆಂದರು. ಮಸೀದಿಯ ಹಿರಿಯರು ಅಲ್ಲಾನ ಮರ್ಜಿ ಎಂದರು. ಬುರಾನುದ್ದೀನನನ್ನು ಕಂಡವರು ಬೆನ್ನು ಸವರಿ, ಅಣ್ಣ ತಮ್ಮನಂತಿದ್ದ ಗೆಳೆಯನನ್ನು ಕಳಕೊಂಡನಲ್ಲ ಪಾಪ, ಎಂದು ಮರುಗಿದರು. ಅವರ ಮರುಕ ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಹತ್ತುತ್ತಿತ್ತು. ಅಂಗಡಿ ತೆರೆದರೆ ಸ್ವಿಚ್ಚಿನ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಹೆಂಡತಿ ಶಮಶಾದ ಇದನ್ನೆಲ್ಲ ಒಂದು ತಿಂಗಳು ನೋಡಿದಳು. ಒಂದು ದಿನ ಊಟಕ್ಕೆ ಬಡಿಸಿ ಎದುರು ಕೂತಳು.

"ಖರೇ ಹೇಳ್ರಿ. ಆ ಪೆಟಗ್ಯಾಗ ಏನರ ಇತ್ತೇನು?"

ಅವನು ಎಲ್ಲ ಹೇಳಿದ. ಆಕೆ ಕೇಳಿ, ತಾಟನ್ನು ಅವನ ಕಡೆ ಸರಿಸಿದಳು.

"ಉಣ್ರಿ. ಉಂಡು ಹೋಗಿ ಹೇಳಿಬರ್ರಿ. ಆ ಜೇವರ್ಗಿ ವಾಯರ್‌ಮನ್‌ಗೂ ಮಕ್ಕಳು ಇರ್ತಾವು."

"ಹೇಳ್ತೇನಿ. ನಾಳಿ."

ಹೀಗೆ ನಾಲ್ಕು ವರ್ಷ ಹೋದವು. ಕರೆಂಟಿಗೆ ಚುಚ್ಚುವ ಯಾವ ವಸ್ತುವನ್ನೂ ಅವನು ರಿಪೇರಿಗೆ ತೆಗೆದುಕೊಳ್ಳುತ್ತಿರಲಿಲ್ಲ. ರೇಡಿಯೋದ ಬೋರ್ಡು ಇಳಿಸಿ ಅಪ್ಪ ಮಾಡುತ್ತಿದ್ದ ಸ್ಟೋವು, ಗಡಿಯಾರದ ಕೆಲಸಕ್ಕೆ ಕೂತ. ಗಿಟಾರಿನ ತಂತಿ ಬಿಚ್ಚಿ ಮನೆಯ ಅಟ್ಟಕ್ಕೆ ಎಸೆದ. ಅನಂತ ಮಾಸ್ತರರ ಟೇಪಿನಿಂದ ಒಬ್ಬರಿಗೊಬ್ಬರು ತುಂಬಿಸಿಕೊಂಡು 'ನಾಳಿ' ಹಾಡು ಮಾತ್ರ ಊರೂರು ತಿರುಗುತ್ತಿತ್ತು. ಘತ್ತರಗಿಯ ದೇವಿಗೆ ಅಮಾವಾಸ್ಯೆಗೆ ಹೋಗುವ ಜೀಪುಗಳಲ್ಲಿ ಅದನ್ನು ಹಚ್ಚುತ್ತಿದ್ದರು. ಹಾಡಿದವನು ಯಾರೆಂದು ಕೇಳಿದರೆ ಡ್ರೈವರನಿಗೆ ಗೊತ್ತಿರುತ್ತಿರಲಿಲ್ಲ. ಒಮ್ಮೆ ಅಂಗಡಿಯ ಮುಂದೆಯೇ ಒಂದು ಜೀಪು ಆ ಹಾಡು ಹಚ್ಚಿಕೊಂಡು ಮಂದಿ ತುಂಬಲು ನಿಂತಿತು. ಬುರಾನುದ್ದೀನ ಬಿಚ್ಚಿಟ್ಟ ಸ್ಟೋವನ್ನು ಹಾಗೆಯೇ ಬಿಟ್ಟು ಹಿಂದಿನ ಗಲ್ಲಿಗೆ ಹೋಗಿ, ಜೀಪು ಹೊರಡುವ ತನಕ ಗೋಡೆ ಹಿಡಿದು ನಿಂತಿದ್ದ.

1990ರ ಚಳಿಗಾಲದಲ್ಲಿ ದೌಲತರಾಯ ಬಂದ. ಆ ಮದುವೆಯ ಮರುದಿನದಿಂದ ಅವನೂ ಡ್ರಮ್ಮು ಮುಟ್ಟಿರಲಿಲ್ಲ. ಗುಲಬರ್ಗಾದ ಗಂಜಿನ ಮಾರುಕಟ್ಟೆಯಲ್ಲಿ ತೊಗರಿಯ ಚೀಲ ಹೊರುತ್ತಿದ್ದ. ಅಂಗಡಿಯ ಹೊಸ್ತಿಲ ಮೇಲೆ ಕೂತು, ಚಹಾ ಕುಡಿದು ಹೇಳಿದ:

"ಆ ವಾಯರ್‌ಮನ್ ಶರಫುದ್ದೀನ ನಮ್ಮ ಗಂಜಿನಾಗೇ ಹಮಾಲಿ ಮಾಡಾಕತ್ತಾನ."

ಬುರಾನುದ್ದೀನ ಕೈಯಲ್ಲಿದ್ದ ಪಿನ್ನು ಕೆಳಗಿಟ್ಟ.

"ಅವನ ಪರ್ಮಿಟ್ ಕಸಗೊಂಡ್ರಂತ. ಜೇವರ್ಗ್ಯಾಗ ಯಾರೂ ಕೆಲಸ ಕೊಡಲಿಲ್ಲಂತ. ಮೊನ್ನಿ ಗೋದಾಮಿನಾಗ ಒಂದು ಬಲ್ಬು ಹಾಕು ಅಂದ್ರು. ಕೈ ಹಿಂಗ ಹಿಂಗ ನಡಗಿದ್ವು. ನಾ ಒಬ್ಬನ್ನ ಕೊಂದೇನಿ, ನಂಗ ಹೇಳಬ್ಯಾಡ್ರಿ, ಅಂದ."

"ನೀ ಏನಂದಿ?"

"ನಾ ಏನನ್ಲಿ? ಅವತ್ತು ಸ್ಟೇಷನ್ನಿನಾಗೇ ಅನ್ನಬೇಕಾಗಿತ್ತು. ನೀನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ."

ಮರುದಿನ ಮೊದಲ ಬಸ್ಸಿಗೆ ಬುರಾನುದ್ದೀನ ಗುಲಬರ್ಗಾಕ್ಕೆ ಹೋದ. ಶರಫುದ್ದೀನ ಚೀಲಗಳ ನೆರಳಲ್ಲಿ ಕೂತು ಹೆಂಡತಿ ಅಜೀಜಾಬಿ ಕಟ್ಟಿಕೊಟ್ಟ ರೊಟ್ಟಿ ಬಿಚ್ಚುತ್ತಿದ್ದ. ನಾಲ್ಕು ವರ್ಷದಲ್ಲಿ ಗಡ್ಡ ಪೂರಾ ಬೆಳ್ಳಗಾಗಿತ್ತು. ಎದುರು ನಿಂತವನ ಗುರುತು ಹಿಡಿದ ಕೂಡಲೇ ಎದ್ದು ನಿಂತು ಕೈ ಮುಗಿದ. ತಾನು ಕೊಂದವನ ಗೆಳೆಯ ಜಗಳ ತೆಗೆಯಲು ಬಂದಿದ್ದಾನೆಂದು ಅವನು ತಿಳಿದಿದ್ದ. ಆ ಮುಗಿದ ಕೈಗಳನ್ನು ನೋಡುತ್ತ ಮಾತು ಸುರುಮಾಡುವುದು ಬುರಾನುದ್ದೀನನಿಗೆ ಬಲು ಕಷ್ಟವಾಯಿತು. ಆದರೂ ಹೇಳಿದ. ಟ್ರಾನ್ಸ್‌ಫಾರ್ಮರ್ ಇಲ್ಲದ್ದು, ಮೈಕು ಚುರುಗುಟ್ಟುತ್ತಿದ್ದದ್ದು, ಕಿಸೆಯಲ್ಲೇ ಉಳಿದ ಟೆಸ್ಟರು, ಸ್ಟೇಷನ್ನಿನಲ್ಲಿ ಆಡಿದ ಎರಡು ಶಬ್ದ.

ಶರಫುದ್ದೀನ ಪೂರಾ ಕೇಳಿದ. ಅವನ ಮುಖದಲ್ಲಿ ಹಗುರಾದ ಗುರುತು ಏನೂ ಕಾಣಲಿಲ್ಲ.

"ತಂತಿ ಅದಲುಬದಲ ಮಾಡಿದ್ದು ನಾನ," ಎಂದ. "ಅದು ಸುಳ್ಳಲ್ಲ."

"ಅದೊಂದರಿಂದ ಅಂವ ಸಾಯ್ತಿದ್ದಿಲ್ರಿ."

"ನಂಗೂ ಕೆಲಸ ಗೊತ್ತದ. ಸಾಯ್ತಿದ್ದಿಲ್ಲ ಅಂತ ನಾನೂ ಲೆಕ್ಕಾ ಹಾಕೀನಿ. ಪೆಟಗಿ ಸರಿ ಇತ್ತು ಅಂತ ಕಾಗದದಾಗ ಬರದಿತ್ತು. ಹಂಗಾರ ನನಗ ತಿಳೀಲಾರದ್ದು ಮತ್ತೇನೋ ತಪ್ಪು ನಾ ಮಾಡೀನಿ ಅನಕೊಂಡೆ. ನಾಕು ವರ್ಷ ಅದನ್ನ ಹುಡುಕೀನಿ." ಅವನ ದನಿ ಏರಲಿಲ್ಲ. "ನಾಕು ವರ್ಷ ನೀ ಎಲ್ಲಿದ್ದಿ?"

ಶರಫುದ್ದೀನ ರೊಟ್ಟಿಯ ಗಂಟನ್ನು ಉಣ್ಣದೆಯೇ ಮತ್ತೆ ಕಟ್ಟಿದ.

"ಅವನ ತಾಯಿ ಅದಾಳಲ್ಲ, ಆಕಿಗೆ ಹೇಳೀಯೇನು?"

"ಇಲ್ರಿ."

"ನಡಿ. ನಾನೂ ಬರ್ತೇನಿ. ಈಗೇ ನಡಿ. ನಿನ್ನ ನಾಳಿ ಮ್ಯಾಲ ನನಗ ಭರೋಸಾ ಇಲ್ಲ."

ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಅಫಜಲಪುರಕ್ಕೆ ಬಂದರು. ಗುಡಿಯ ಹಿಂದಿನ ಮನೆಯಲ್ಲಿ ಭಾಗೀರಥಿಬಾಯಿ ಸಂಜೆಯ ಊಟಕ್ಕೆ ಚಪಾತಿ ಲಟ್ಟಿಸುತ್ತಿದ್ದಳು. ಸರಸ್ವತಿಬಾಯಿ ಬೇಯಿಸುತ್ತಿದ್ದಳು. ಮಗ ಹೋದ ಮೇಲೂ ಖಾನಾವಳಿ ಒಂದು ದಿನ ನಿಂತಿರಲಿಲ್ಲ. ಬುರಾನುದ್ದೀನ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಮನೆಯ ಕಡೆ ಹಾಯ್ದಿರಲಿಲ್ಲ. ಕಂಡ ಕೂಡಲೇ ಆಕೆ, "ಬಾ ಬುರಾನಾ, ಕೂಡು," ಎಂದಳು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಈ ಸಲ ಮಾತು ಸಣ್ಣದಾಗಿ ಮುಗಿಯಿತು. ಅವನು ಮುಗಿಸಿದ ಮೇಲೆ ಶರಫುದ್ದೀನ, "ತಂತಿ ತಪ್ಪು ಹಾಕಿದಂವ ನಾನ್ರಿ ಬಾಯಿಯವರ," ಎಂದ.

ಭಾಗೀರಥಿಬಾಯಿಯ ಕೈ ಲಟ್ಟಣಿಗೆಯ ಮೇಲೆ ನಿಂತಿತ್ತು. ಒಬ್ಬರ ನಂತರ ಒಬ್ಬರ ಮುಖ ನೋಡಿದಳು.

"ಇಬ್ಬರೂ ಕೂಡಿ ತಪ್ಪು ಹಂಚಿಕೊಳ್ಳಲಿಕ್ಕೆ ಬಂದೀರೇನು?" ಎಂದು ಕೇಳಿದಳು. "ಹಂಚಿಕೊಳ್ರಿ. ನನಗೇನು ಕೇಳ್ತೀರಿ?"

ಒಲೆಯ ಮೇಲಿನ ಚಪಾತಿ ಕರಕಾಗುವ ವಾಸನೆ ಬಂತು. ಸರಸ್ವತಿಬಾಯಿ ಅದನ್ನು ತೆಗೆಯಲಿಲ್ಲ.

"ಒಂದು ಹೇಳು. ಮೈಕು ಹಂಗದ ಅಂತ ವ್ಯಂಕಟೇಶಗ ಗೊತ್ತಿತ್ತೇನು?"

ಗೊತ್ತಿತ್ತು, ಗೊತ್ತಿದ್ದೂ ಹಿಡಿದ, ಎಂದು ಹೇಳಿದ್ದರೆ ತಪ್ಪಿನ ಒಂದು ಪಾಲು ಸತ್ತವನ ಮೇಲೆ ಹೋಗುತ್ತಿತ್ತು. ಆ ದಾರಿ ಬುರಾನುದ್ದೀನನಿಗೆ ಕಂಡಿತು. ಅವನ ಜೀವನದಲ್ಲಿ ಅವನು ತಡಮಾಡದೆ ಮಾಡಿದ ಕೆಲಸಗಳು ಕಡಿಮೆ. ಆ ದಾರಿ ಬಿಟ್ಟದ್ದು ಅವುಗಳಲ್ಲಿ ಒಂದು.

"ಕಡೀತದ ಅಂತ ಗೊತ್ತಿತ್ತುರಿ ಕಾಕು. ಜೀವಾ ಹೋಗ್ತದ ಅಂತ ಗೊತ್ತಿದ್ದಿಲ್ಲ. ಅದು ನನಗ ಗೊತ್ತಿತ್ತು. ನಾ ಸರಿ ಮಾಡ್ತೇನಿ ಅಂತ ಅಂವ ನಂಬಿದ್ದ."

ಆಕೆ ತಲೆಯಾಡಿಸಿದಳು. ಎದ್ದು ಕೈ ಒರೆಸಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಇವರು ಬಹಳ ಹೊತ್ತು ನಿಂತರು. ಊಟಕ್ಕೆ ಬರುವ ಮಾಸ್ತರರು ಒಬ್ಬೊಬ್ಬರಾಗಿ ಬರತೊಡಗಿದಾಗ ಸರಸ್ವತಿಬಾಯಿ ಮೆಲ್ಲಗೆ, "ಹೋಗ್ರಿನ್ನ," ಎಂದಳು.

ಆ ವಾರದಲ್ಲೇ ಬುರಾನುದ್ದೀನ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಹೋದ. ವ್ಯಂಕಟೇಶನ ಜಾಗದಲ್ಲಿ ಈಗ ಗೌಸಮೊಹಿದ್ದೀನ ಎಂಬ ಟೈಪಿಸ್ಟ್ ಕೂರುತ್ತಿದ್ದ. ನಡೆದದ್ದನ್ನೆಲ್ಲ ಅವನಿಂದ ಸ್ಟಾಂಪ್ ಕಾಗದದ ಮೇಲೆ ಟೈಪು ಮಾಡಿಸಿ, ಸಹಿ ಹಾಕಿ, ಜೇವರ್ಗಿಯ ಸ್ಟೇಷನ್ನಿಗೆ ಒಯ್ದು ಕೊಟ್ಟ. ಹಳೆಯ ಫೈಲು ಮುಗಿದಿದೆ, ಆಕಸ್ಮಿಕವೆಂದು ಬರೆದಾಗಿದೆ, ಇನ್ನು ಅದನ್ನು ತೆರೆಯುವುದಿಲ್ಲ ಎಂದರು. ಶಿಕ್ಷೆಯಾದರೂ ಆದೀತೆಂದು ಹೋದವನಿಗೆ ಅದೂ ಸಿಗಲಿಲ್ಲ. ಕಾಗದದ ನಕಲನ್ನು ಶರಫುದ್ದೀನನಿಗೆ ಕೊಟ್ಟ. ಅದರಿಂದ ಪರ್ಮಿಟ್ ಮರಳಿ ಬರಲಿಲ್ಲ. ಆದರೆ ಜೇವರ್ಗಿಯ ಮಂದಿ ಅದನ್ನು ಓದಿದರು; ಓದಲು ಬಾರದವರಿಗೆ ಅಜೀಜಾಬಿ ತಾನೇ ಯಾರಿಂದಲೋ ಓದಿಸಿ ಹೇಳಿದಳು. ವರ್ಷ ಕಳೆಯುವುದರೊಳಗೆ ಶರಫುದ್ದೀನನ ಕೈ ನಡುಗುವುದು ಕಡಿಮೆಯಾಗಿ, ಜೇವರ್ಗಿಗೆ ಮರಳಿ ಇನ್ನೊಬ್ಬರ ಹೆಸರಿನ ಕೆಳಗೆ ಸಣ್ಣಪುಟ್ಟ ವೈರಿಂಗ್ ಮಾಡತೊಡಗಿದ.

ಅಫಜಲಪುರದಲ್ಲೂ ಸುದ್ದಿ ಹಬ್ಬಿತು. ಮುಂಚೆ ಮರುಗುತ್ತಿದ್ದವರಲ್ಲಿ ಕೆಲವರು ಮಾತು ಬಿಟ್ಟರು. ಸ್ಟೋವಿನ ಗಿರಾಕಿಗಳು ಕಡಿಮೆಯಾದರು. ಶಮಶಾದ ಮನೆಯಲ್ಲಿ ಹೊಲಿಗೆ ಹಿಡಿದಳು, ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬುರಾನುದ್ದೀನನಿಗೆ ನಿದ್ದೆ ಮಾತ್ರ ಮರಳಿ ಬಂತು. ಬರಬಾರದಿತ್ತೆಂದು ಅವನಿಗೆ ಅನಿಸುತ್ತಿತ್ತು.

1995ರ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಬಸ್ಸಿನಿಂದ ಶರಫುದ್ದೀನ ಇಳಿದು ನೆಟ್ಟಗೆ ಅಂಗಡಿಗೆ ಬಂದ. ಇಬ್ಬರೂ ಐದು ವರ್ಷದಿಂದ ಒಬ್ಬರನ್ನೊಬ್ಬರು ಕಂಡಿರಲಿಲ್ಲ.

"ಭಾಗೀರಥಿಬಾಯಿಯವರು ಕಾಗದ ಬರದು ಕರಿಸ್ಯಾರ," ಎಂದ. "ಮಳಿಗೆ ಗ್ವಾಡಿ ಹಸಿಯಾಗಿ ಅಡಗಿ ಮನ್ಯಾಗಿನ ಬಟನ್ ಶಾಕ್ ಹೊಡ್ಯಾಕತ್ತದಂತ. ವಾಯರ್ ಎಲ್ಲಾ ಬದಲಿ ಮಾಡಬೇಕು ಅಂದಾರ. ಇಲ್ಲಿ ಛೊಲೊ ವಾಯರ್ ಯಾವ ಅಂಗಡ್ಯಾಗ ಸಿಗ್ತದ?"

ಬುರಾನುದ್ದೀನನ ಅಂಗಡಿಯಿಂದ ಗುಡಿಯ ಹಿಂದಿನ ಆ ಮನೆಗೆ ಇನ್ನೂರು ಹೆಜ್ಜೆ. ಜೇವರ್ಗಿಯಿಂದ ಬರಬೇಕಾದರೆ ಎರಡು ಬಸ್ಸು ಬದಲಿಸಬೇಕು. ಬುರಾನುದ್ದೀನ ಅಂಗಡಿಗೆ ಬೀಗ ಹಾಕಿ, ಪೇಟೆಗೆ ಕರೆದುಕೊಂಡು ಹೋಗಿ, ಒಂದೊಂದು ಸುರುಳಿಯನ್ನೂ ಬಿಚ್ಚಿ ಹಲ್ಲಿನಿಂದ ಸುಲಿದು ನೋಡಿ ವೈರು ಆರಿಸಿಕೊಟ್ಟ. ಗುಡಿಯ ತಿರುವಿನ ತನಕ ಜೊತೆಗೆ ನಡೆದು ಅಲ್ಲಿ ನಿಂತ. ಶರಫುದ್ದೀನ ಒಬ್ಬನೇ ಮುಂದೆ ಹೋದ.

ಸಂಜೆ ಐದಕ್ಕೆ ಕೆಲಸ ಮುಗಿಸಿ ಬಸ್ಸಿಗೆ ಬಂದವನನ್ನು ಬುರಾನುದ್ದೀನ ಅಂಗಡಿಯಿಂದ ಎದ್ದು ಹೋಗಿ ಕೇಳಿದ:

"ಆತೇನ್ರಿ ಕೆಲಸ?"

"ಆತು. ಪೂರಾ ಬದಲಿ ಮಾಡೀನಿ. ನೆಲಕ್ಕ ಅರ್ಥಿಂಗೂ ಕೊಟ್ಟೀನಿ."

"ಕಾಕು ಏನರ ಅಂದ್ರೇನು?"

ಶರಫುದ್ದೀನ ಚೀಲ ಕೆಳಗಿಟ್ಟ.

"ಉಣ್ಣಾಕ ಹಾಕಿದ್ರು. ಮತ್ತ ನನ್ನ ಹೆಣ್ತಿ ಹೆಸರು ಕೇಳಿದ್ರು. ಬ್ಯಾರೆ ಏನೂ ಇಲ್ಲ."

ಬಸ್ಸು ಬಂತು. ಶರಫುದ್ದೀನ ಚೀಲ ಹೆಗಲಿಗೇರಿಸಿ ಹತ್ತಿದ. ಬುರಾನುದ್ದೀನ ಅಂಗಡಿಗೆ ತಿರುಗಿ ಬಂದು, ಬೆಳಿಗ್ಗೆ ಬಿಟ್ಟು ಹೋಗಿದ್ದ ಸ್ಟೋವಿನ ಬರ್ನರ್ ಎತ್ತಿಕೊಂಡು ಪಿನ್ನಿನಿಂದ ಅದರ ಮಸಿ ತೆಗೆಯಲು ಕೂತ.